ಬಾಯಿಹುಣ್ಣು ಮತ್ತು ನಮ್ಮ ಅಪಾರ ತಾಳ್ಮೆ



ನಮ್ಮ ಜನ ಬಸ್ಸು ಹತ್ತು ನಿಮಿಷ ತಡವಾದರೆ ಸಹಿಸರು. ಬಾಯಿಯೊಳಗಿನ ಹುಣ್ಣನ್ನು ಮಾತ್ರ ಮೂರು ತಿಂಗಳು ಸಾಕಬಲ್ಲರು! ‘ಉಷ್ಣವಾಗಿದೆ’ ಎಂದು ಎಳನೀರು, ಕೊಬ್ಬರಿ, ಗಸಗಸೆ; ಅದಕ್ಕೂ ಬಗ್ಗದಿದ್ದರೆ ಔಷಧದ ಅಂಗಡಿಯವನು ಕೊಡುವ ಬಿ-ಕಾಂಪ್ಲೆಕ್ಸ್ ಮಾತ್ರೆ. ಈ ತಾಳ್ಮೆ ಸದ್ಗುಣವಲ್ಲ, ಪ್ರಾಣಕ್ಕೆ ಎರವಾಗುವ ಉದಾಸೀನವೆಂದು ನಿಷ್ಠುರವಾಗಿಯೇ ಹೇಳುತ್ತೇನೆ.

ಸಾಧಾರಣ ಬಾಯಿಹುಣ್ಣು ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಕೀರ್ತಿ ಎಳನೀರಿಗೆ ಸಲ್ಲುತ್ತದೆ. ಸಲ್ಲಲಿ, ನನ್ನ ತಕರಾರಿಲ್ಲ. ಆದರೆ ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತಲೂ ಅಪಾಯಕಾರಿಯಾದ ಕೆಂಪು ಮಚ್ಚೆ ಇವು ಮನೆಮದ್ದಿನ ವಿಷಯಗಳಲ್ಲ. ತಜ್ಞರು ಕೂಡ ಕೇವಲ ಕಣ್ಣಳತೆಯಿಂದ ತೀರ್ಪು ಕೊಡುವುದಿಲ್ಲ. ಮುರಿದ ಹಲ್ಲಿನ ಚೂಪು ತಾಗುತ್ತಿದ್ದರೆ ಅದನ್ನು ನಯಗೊಳಿಸಿ ಎರಡು ವಾರ ನೋಡುತ್ತಾರೆ. ಆಗಲೂ ಮಾಯದಿದ್ದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಣ್ಣದೊಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುತ್ತಾರೆ. ಬಯಾಪ್ಸಿ ಎಂದರೆ ಇಷ್ಟೇ.

ಆದರೆ ಬಯಾಪ್ಸಿ ಎಂದೊಡನೆ ಮನೆಯ ಹಿರಿಯರೊಬ್ಬರು ಅಡ್ಡಬರುತ್ತಾರೆ: ‘ಚಾಕು ತಾಗಿದರೆ ಹರಡುತ್ತದೆ!’ ಇದು ಕಾರಣ-ಕಾರ್ಯಗಳ ಸಂಬಂಧವನ್ನೇ ತಲೆಕೆಳಗು ಮಾಡುವ ಮಾತು. ಆರು ತಿಂಗಳು ಮುಂದೂಡಿ, ರೋಗ ಕತ್ತಿನ ಗಂಟುಗಳಿಗೆ ಇಳಿದ ಮೇಲೆ ಪರೀಕ್ಷೆಗೆ ಒಪ್ಪುತ್ತಾರೆ. ಬಳಿಕ ಅಪವಾದವನ್ನು ಚಾಕುವಿನ ಮೇಲೆ ಹೊರಿಸುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮಗಾಗಿಯೇ ಹುಟ್ಟಿರಬೇಕು.

ಇನ್ನೊಂದು ಸಮಜಾಯಿಷಿ: ‘ನಾನು ತಂಬಾಕು ಮುಟ್ಟುವುದಿಲ್ಲ, ಬರೀ ಅಡಿಕೆ.’ ಅಡಿಕೆ ತೋಟವನ್ನೇ ನಂಬಿ ಬದುಕುವ ನಮ್ಮ ಮಲೆನಾಡಿನ ನೆಂಟರಿಗೆ ಇದು ಕಹಿಯಾದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಸ್ಪಷ್ಟಪಡಿಸಿದೆ. ನಿತ್ಯ ಅಡಿಕೆ ಜಗಿಯುವವರನ್ನು ಕಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗದಲ್ಲಿ ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿ, ಹಗ್ಗದಂತೆ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳಿಂದ ಒಂದಿಷ್ಟು ಉಪಶಮನವುಂಟು. ಪೂರ್ತಿ ಮೊದಲಿನಂತೆ ಮಾಡುವ ಔಷಧಿಯಿಲ್ಲ. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುವುದರಿಂದ ಜೀವನಪರ್ಯಂತ ತಪಾಸಣೆ ಅನಿವಾರ್ಯ.

ನಮ್ಮ ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರಿದರು. ತಂಬಾಕಿನ ಪೊಟ್ಟಣ ಬಿಟ್ಟೆನೆಂದು ಬೀಗುವವರೇ, ಇನ್ನೊಂದರಲ್ಲಿರುವುದು ಅಡಿಕೆಯಲ್ಲದೆ ಮತ್ತೇನು? ಶುಭಕಾರ್ಯದ ತಾಂಬೂಲದ ಗೌರವವನ್ನು ನಾನು ಅಲ್ಲಗಳೆಯುತ್ತಿಲ್ಲ. ಹಗಲಿರುಳು ಕೆನ್ನೆಯಲ್ಲಿ ಅಡಿಕೆ ಅಡಗಿಸಿಕೊಳ್ಳುವುದಕ್ಕೆ ಮಾತ್ರ ಸಂಪ್ರದಾಯದ ಹೆಸರನ್ನು ಎಳೆಯಬೇಡಿ.

ಕೊನೆಗೆ, ಹಳೆಯ ಅಭ್ಯಾಸದಂತೆ ಸ್ವಲ್ಪ ಮನೆಗೆಲಸ. ಇಂದೇ ಕನ್ನಡಿಯ ಮುಂದೆ ನಿಂತು ಬೆಳಕಿನಲ್ಲಿ ನಾಲಿಗೆಯ ಎರಡೂ ಅಂಚು, ಅದರ ಅಡಿಭಾಗ, ಕೆನ್ನೆಯ ಒಳಬದಿ ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬಾಯಲ್ಲಿ ಹಿಡಿಸುತ್ತವೆಯೇ ಪರೀಕ್ಷಿಸಿ. ಸಂದೇಹ ಬಂದರೆ ಸಮೀಪದ ದಂತವೈದ್ಯ ಕಾಲೇಜಿಗೆ ಹೋಗಿ. ಅಲ್ಲಿ ಓರಲ್ ಮೆಡಿಸಿನ್ ಎಂಬ ವಿಭಾಗ ಇದಕ್ಕಾಗಿಯೇ ಇದೆ. ಮನೆಯಲ್ಲಿ ಅಡಿಕೆ ಜಗಿಯುವ ಹಿರಿಯರಿದ್ದರೆ ಅವರನ್ನೂ ಕರೆದೊಯ್ಯಿರಿ. ಬೈದರೆ, ಮೇಷ್ಟ್ರು ಹೇಳಿದ್ದಾರೆಂದು ನನ್ನ ಹೆಸರು ಹೇಳಿ.