‘ಛಲೋ ಆಗೇದ’ ಎಂದರೆ ಸಾಕೆ?

ಶಾಲೆಯ ಗೋಡೆಪತ್ರಿಕೆಯಲ್ಲಿ ಕಥೆ, ಕವನಗಳ ಪಕ್ಕದಲ್ಲಿ ಚಿತ್ರಕಥೆಗಳೂ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಅವುಗಳ ಮುಂದೆ ನಿಂತವರ ಬಾಯಿಂದ ಬರುವ ಮಾತುಗಳು ಎರಡೇ. ಗೆಳೆಯರಾದರೆ ‘ಛಲೋ ಆಗೇದ’; ಅಲ್ಲದವರಾದರೆ ‘ಇದು ಮನಷ್ಯಾನೋ, ಬೆದರುಗೊಂಬಿನೋ?’ ಎಂಬ ನಗೆ. ಮೊದಲನೆಯದರಿಂದ ಬರೆದವರಿಗೆ ಏನೂ ತಿಳಿಯುವುದಿಲ್ಲ. ಎರಡನೆಯದನ್ನು ಕೇಳಿದವರು ಮುಂದಿನ ತಿಂಗಳು ಹಾಳೆಯನ್ನೇ ತರುವುದಿಲ್ಲ. ಹೀಗೆ ಕೈಬಿಟ್ಟವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಓದುತ್ತ ತಾನು ಎಲ್ಲಿ ಎಡವಿದೆ ಎಂದು ಓದುಗನು ತಿಳಿಸಿದರೆ ಅದೇ ನಿಜವಾದ ಟೀಕೆ ಎಂದು ನಮ್ಮ ಅಭಿಪ್ರಾಯ. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಹುಡುಗನೊಬ್ಬ ತಪ್ಪಿಸಿಕೊಂಡ ಕಥೆಯನ್ನು ಯಾರೋ ಬರೆದಿದ್ದಾರೆಂದು ಇಟ್ಟುಕೊಳ್ಳೋಣ. ಮೂರನೆಯ ಚೌಕದಲ್ಲಿ ಹುಡುಗ ಜನರ ನಡುವೆ ಅಳುತ್ತಿದ್ದಾನೆ. ನಾಲ್ಕನೆಯದರಲ್ಲಿ ಕೆರೆಯ ದಂಡೆಯ ಮೇಲೆ ಅಜ್ಜನ ಕೈಹಿಡಿದು ನಿಂತಿದ್ದಾನೆ. ಅಜ್ಜ ಸಿಕ್ಕಿದ್ದು ಹೇಗೆ? ಕೇಳಿದರೆ, ‘ನಂದಿಧ್ವಜ ನೋಡ್ಕೋತ ಹ್ವಾದ’ ಎಂಬ ಉತ್ತರ. ಆ ನಂದಿಧ್ವಜ ಹಾಳೆಯ ಮೇಲಿಲ್ಲ, ಬರೆದವರ ತಲೆಯಲ್ಲಿದೆ! ಸಂಕ್ರಮಣಕ್ಕೆ ಏಳು ನಂದಿಧ್ವಜಗಳ ಮೆರವಣಿಗೆ ಕಂಡವರಿಗೆ ಅದು ಹೊಳೆದೀತು. ಕಾಣದವರಿಗೆ ಕಥೆ ಅಲ್ಲಿಗೇ ಹರಿದುಹೋಯಿತು. ‘ಮೂರರಿಂದ ನಾಲ್ಕಕ್ಕೆ ನನಗೆ ದಾರಿ ಸಿಗಲಿಲ್ಲ’ ಎಂದು ಹೇಳುವ ಗೆಳೆಯ ಆ ಕಥೆಗೆ ಒಂದು ಚೌಕವನ್ನು ಕೊಟ್ಟಂತೆಯೇ. ಹುಡುಗನ ಮೂಗು ಸೊಟ್ಟಗಿದ್ದರೆ ಇರಲಿ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗೆ ಕೂಡುವವರು ಮೊದಲು ಮೂಗನ್ನೇ ನೋಡುತ್ತಾರೆ. ಪರೀಕ್ಷೆಗೆ ಅದು ಸರಿ.

ಆರ್. ಕೆ. ಲಕ್ಷ್ಮಣ್ (1921–2015) ಅವರ ಅರ್ಜಿಯನ್ನು ಮುಂಬಯಿಯ ಜೆ. ಜೆ. ಕಲಾಶಾಲೆ ತಿರಸ್ಕರಿಸಿತ್ತು, ಪ್ರವೇಶಕ್ಕೆ ತಕ್ಕ ಪ್ರತಿಭೆ ಕಾಣಲಿಲ್ಲವೆಂದು. ಇದನ್ನು ಮುಂದೆ ಮಾಡಿ ‘ಟೀಕೆಗೆ ಕಿವಿಗೊಡಬೇಡಿ’ ಎನ್ನುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ‘ಪ್ರತಿಭೆಯಿಲ್ಲ’ ಎಂಬ ಮಾತಿನಿಂದ ತಿದ್ದಿಕೊಳ್ಳುವುದಾದರೂ ಏನನ್ನು? ಲಕ್ಷ್ಮಣ್ ಮೈಸೂರಿನಲ್ಲಿ ಬಿ.ಎ. ಓದಿದರು, ಚಿತ್ರ ಬರೆಯುವುದನ್ನು ಬಿಡಲಿಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ ಅವರ ಚಿತ್ರಗಳನ್ನು ಅಚ್ಚುಹಾಕಿತು. ಅಚ್ಚಾದ ನಗೆಚಿತ್ರಕ್ಕೆ ಓದುಗರು ಸಿಗುತ್ತಾರೆ; ಅವರು ನಕ್ಕರೋ ಇಲ್ಲವೋ ಎಂಬುದು ಬರೆದವರಿಗೆ ತಿಳಿಯುತ್ತದೆ.

ಟೀಕೆ ಕೇಳುವವರಿಗೂ ಒಂದು ಕೆಲಸವುಂಟು. ಅದು ಬಾಯಿ ಮುಚ್ಚಿಕೊಂಡಿರುವುದು. ಇದು ಬಹಳ ಕಠಿಣ. ಓದುಗನ ಬೆನ್ನ ಹಿಂದೆ ನಿಂತು ಅರ್ಥ ಹೇಳತೊಡಗಿದರೆ ಅವನು ಎಲ್ಲಿ ಎಡವುತ್ತಿದ್ದನೆಂಬುದು ತಿಳಿಯುವುದೇ ಇಲ್ಲ. ಹಾಗೆಂದು ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಮೂವರು ಒಂದೇ ಚೌಕದಲ್ಲಿ ನಿಂತರೆ ಅದನ್ನು ಮತ್ತೆ ಬರೆಯಬೇಕು. ‘ಕೊನಿಗೆ ಅಜ್ಜ ಸಾಯಬಾರದಿತ್ತು’ ಎಂದು ಒಬ್ಬರು ಹೇಳಿದರೆ, ಅಜ್ಜನ ವಿಚಾರ ಬರೆದವರಿಗೇ ಸೇರಿದ್ದು.

ಇನ್ನು ಕಂದಲಗಾಂವದಂಥ ಗಡಿಭಾಗದ ಊರಿನವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ಓಣಿಯ ಗೆಳೆಯರಲ್ಲಿ ಮರಾಠಿ ಶಾಲೆಗೆ ಹೋಗುವವರಿದ್ದಾರೆ. ಮನೆಯಲ್ಲಿ ಕನ್ನಡ ಆಡಿದರೂ ಅವರಲ್ಲಿ ಅನೇಕರಿಗೆ ಕನ್ನಡ ಅಕ್ಷರ ಬಾರದು. ಚಿತ್ರಕಥೆಯನ್ನು ಅಂಥವರ ಕೈಗಿತ್ತು, ಚಿತ್ರಗಳನ್ನಷ್ಟೇ ನೋಡಿ ಕಥೆ ಹೇಳೆನ್ನಬೇಕು. ಅವರು ತಡವರಿಸಿದ ಕಡೆ ಚಿತ್ರದ ಕೆಲಸವನ್ನು ಅಕ್ಷರಗಳೇ ಮಾಡುತ್ತಿವೆ ಎಂದು ತಿಳಿಯಬಹುದು. ಮುಂದಿನ ಗೋಡೆಪತ್ರಿಕೆಗೆ ಚಿತ್ರಕಥೆ ಕೊಡುವವರು ಮೊದಲು ಅಂಥ ಒಬ್ಬರಿಗೆ ತೋರಿಸಿ, ಅವರು ನಿಂತ ಚೌಕದ ಸಂಖ್ಯೆಯನ್ನು ಹಾಳೆಯ ಹಿಂದೆ ಬರೆದು ತರಬೇಕೆಂದು ನಮ್ಮ ಸೂಚನೆ. ಪೆನ್ಸಿಲಿನಲ್ಲಿ ಬರೆದರೂ ನಡೆದೀತು.