ಆಟದ ಮಣೆಯೂ ಕ್ಯಾಮೆರಾವೂ

ಮಣೆಯ ಆಟಗಳನ್ನು ಕಾಲಹರಣವೆಂದು ಹಿರಿಯರು ಜರೆಯುವುದುಂಟು. ಆ ಆಟವನ್ನು ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಪ್ರಕಟಿಸುವುದಂತೂ ಅವರ ದೃಷ್ಟಿಯಲ್ಲಿ ಇಮ್ಮಡಿ ಕಾಲಹರಣ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಬಾಡಿಗೆಯ ಕೋಣೆಗಳಲ್ಲಿ ದಿನದ ದುಡಿಮೆ ಮುಗಿದ ಬಳಿಕ ಈ ಹವ್ಯಾಸದಲ್ಲಿ ತೊಡಗುವ ತರುಣರ ಪರವಾಗಿ ಒಂದು ಮಾತು ಹೇಳಬೇಕಾಗಿದೆ. ಕ್ರಮವರಿತು ಮಾಡಿದರೆ ಇದು ವಿಜ್ಞಾನದ ಅಭ್ಯಾಸವೇ ಆಗಬಲ್ಲುದು.

ಮೊದಲು ಬೆಳಕನ್ನು ವಿಚಾರಿಸೋಣ. ಮಣೆಯ ನೆತ್ತಿಯ ಮೇಲೆಯೇ ದೀಪವಿದ್ದರೆ ಕೈಯ ನೆರಳು ಕಾಯಿಗಳನ್ನು ಮುಚ್ಚುತ್ತದೆ. ಎರಡು ಪಕ್ಕಗಳಿಂದ ಓರೆಯಾಗಿ ಬೆಳಕು ಬಿದ್ದರೆ ಆ ದೋಷ ಕಡಮೆಯಾಗುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಆದುದರಿಂದ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಗೋಚರಿಸದ ಈ ಏರಿಳಿತ ಚಿತ್ರದಲ್ಲಿ ಪಟ್ಟೆಗಳಾಗಿ ಮೂಡುತ್ತದೆ. ಪ್ರತಿ ಚಿತ್ರಕ್ಕೂ ಬೆಳಕು ತಾಗುವ ಅವಧಿಯನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಹೊಂದಿಸಿದರೆ ಏರಿಳಿತಗಳು ಪೂರ್ಣಸಂಖ್ಯೆಯಲ್ಲಿ ಅಡಕವಾಗಿ ಪಟ್ಟೆಗಳು ಮಾಯವಾಗುತ್ತವೆ.

ಇನ್ನು ಆಟದ ಒಳಗಿನ ಗಣಿತ. ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಎಸೆಯುತ್ತೇವೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು. ಎರಡು ಬಗೆಯ ಬೀಳುವಿಕೆಯೂ ಸಮಸಂಭವವೆಂದು ಎಣಿಸಿದರೆ, 16 ರೀತಿಗಳಲ್ಲಿ ಎರಡು ಬರುವುದು 6, ಒಂದು ಮತ್ತು ಮೂರು ತಲಾ 4, ನಾಲ್ಕು ಮತ್ತು ಎಂಟು ತಲಾ 1. ಆದರೆ ಕವಡೆಯ ಎರಡು ಮೈಗಳು ಒಂದೇ ಆಕಾರದವಲ್ಲ. ಹಾಗಾದರೆ ಈ ಎಣಿಕೆ ಸರಿಯೆ? 400 ಎಸೆತಗಳನ್ನು ಚಿತ್ರೀಕರಿಸಿ ಲೆಕ್ಕವಿಡಿ. ಎಂಟು ಸುಮಾರು 25 ಸಲಕ್ಕಿಂತ ಬಹಳ ಹೆಚ್ಚಾಗಿಯೋ ಕಡಮೆಯಾಗಿಯೋ ಬಂದರೆ ಕವಡೆಯ ಆಕಾರವನ್ನು ಸಂಶಯಿಸಬೇಕು. ಚಿತ್ರವಿರುವುದರಿಂದ ಆ ಎಣಿಕೆಯನ್ನು ಯಾರೂ ಪರೀಕ್ಷಿಸಬಹುದು.

ನೋಟಕರ ಸಂಖ್ಯೆಯೇ ಸಾಧನೆಯ ಅಳತೆಯೆಂದು ತರುಣರು ಭ್ರಮಿಸಬಾರದು. ಯೂಟ್ಯೂಬಿನ ಜಾಹೀರಾತಿನಲ್ಲಿ ಪಾಲು ದೊರೆಯಲು, ಕಿರುಚಿತ್ರಗಳ ದಾರಿಯನ್ನು ಬಿಟ್ಟರೆ, 1,000 ಚಂದಾದಾರರೂ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕು. ಹತ್ತು ನಿಮಿಷದ ಚಿತ್ರವಾದರೆ ಅದನ್ನು 24,000 ಸಲ ಪೂರ್ತಿ ನೋಡಿದಂತಾಯಿತು. ಇದನ್ನೇ ಗುರಿಯಾಗಿಟ್ಟುಕೊಂಡವರು ಬೇಗನೆ ನಿರಾಶರಾಗಿ ಕೈಬಿಡುವುದು ಆಶ್ಚರ್ಯವಲ್ಲ.

"ಕನ್ನಡದಲ್ಲಿ ವಿವರಿಸಿದರೆ ನೋಡುವವರಾರು?" ಎಂದು ಕೇಳಬಹುದು. 1995ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ ಕಟಾನ್ ಆಟಕ್ಕೆ ಅಚ್ಚಾದ ನಿಯಮಗಳಿವೆ, ಇಂಗ್ಲಿಷಿನಲ್ಲಿ ವಿವರಣೆಗಳೂ ಹೇರಳವಾಗಿವೆ. ನಮ್ಮ ಚೌಕಾಬಾರ, ಅಳಗುಳಿಮಣೆ, ಹುಲಿಕುರಿಯಾಟಗಳ ನಿಯಮಗಳಾದರೋ ಊರಿಂದೂರಿಗೆ ಬೇರೆ, ಬಹುಮಟ್ಟಿಗೆ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿವೆ. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಸಮಸ್ಯೆಯನ್ನು ಬಿಡಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳನ್ನು ಗ್ರಂಥಸ್ಥಗೊಳಿಸಿದರು. ಇಂದು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಅವುಗಳ ಪುನರುಜ್ಜೀವನಕ್ಕೆ ಶ್ರಮಿಸುತ್ತಿದೆ. ನಾನಾ ಜಿಲ್ಲೆಗಳ ಜನರು ದುಡಿಯುವ ಪೀಣ್ಯದಂಥ ಸ್ಥಳದಲ್ಲಿ ಅವರವರ ಊರಿನ ನಿಯಮಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ಊರಿನ ಹೆಸರಿನೊಡನೆ ದಾಖಲಿಸಿದರೆ ಅದು ಅಪೂರ್ವ ಸಂಗ್ರಹವಾದೀತು.

ಅಂಥ ಚಿತ್ರವನ್ನು ಇಂದು ನಲವತ್ತೇ ಮಂದಿ ನೋಡಿದರೂ ಶ್ರಮ ವ್ಯರ್ಥವಲ್ಲ. ನೋಟಕರು ನಾಳೆ ಬಂದಾರು; ನಿಯಮವನ್ನು ಬಲ್ಲ ಅಜ್ಜಿ ನಾಳೆಯೂ ಇರುವರೆಂಬ ಭರವಸೆಯಿಲ್ಲ.