ಪೇಟ ಇಡಬೇಡಿ, ಕಟ್ಟಿ

ಮೈಸೂರಿನಲ್ಲಿ ಸನ್ಮಾನದ ಕಾರ್ಯಕ್ರಮ ವರದಿ ಮಾಡಲು ಹೋದಾಗಲೆಲ್ಲ ನಮಗೆ ಸಿಗುವ ಫೋಟೊ ಹೆಚ್ಚುಕಡಿಮೆ ಒಂದೇ. ಗಂಡಸರ ತಲೆಯ ಮೇಲೆ ಪೇಟ ನೆಟ್ಟಗೆ ಕೂತಿರುತ್ತೆ. ಹೆಂಗಸರದ್ದು ಹುಬ್ಬಿನವರೆಗೆ ಜಾರಿರುತ್ತೆ, ಇಲ್ಲವೇ ತುರುಬಿನ ಮೇಲೆ ವಾಲಿರುತ್ತೆ. ಅವರು ಒಂದು ಕೈಯಲ್ಲಿ ಫಲಕ, ಇನ್ನೊಂದು ಕೈಯಲ್ಲಿ ಪೇಟ ಹಿಡಿದುಕೊಂಡೇ ನಗಬೇಕು. ಕೆಲವು ಕಡೆಯಂತೂ "ಜಡೆ ಇರೋರಿಗೆ ಪೇಟ ಕೂರಲ್ಲ, ಶಾಲು ಸಾಕು" ಅಂತ ಸಂಘಟಕರೇ ತೀರ್ಮಾನ ಮಾಡಿಬಿಡುತ್ತಾರೆ.

ಕೂರದಿರುವುದು ತಲೆಯ ತಪ್ಪಲ್ಲ, ಪೇಟದ ತಪ್ಪು. ಈಗ ತರುವುದು ರೆಡಿಮೇಡ್ ಮಾಲು. ಒಳಗೆ ರಟ್ಟು, ಮೇಲೆ ಬಟ್ಟೆ, ಅಂಚಿಗೆ ಜರಿ. ಅದು ಪೇಟದ ಆಕಾರದ ಟೋಪಿ, ಕ್ರಾಪು ಹೊಡೆಸಿದ ಗಂಡಸಿನ ಅಳತೆಗೆ ಮಾಡಿದ್ದು. ನಮ್ಮ ಮಾತಿನಲ್ಲೇ ನೋಡಿ: ಟೋಪಿ ಹಾಕುತ್ತೇವೆ, ರುಮಾಲು ಕಟ್ಟುತ್ತೇವೆ. ಕಟ್ಟುವುದನ್ನು ಬಿಟ್ಟು ಹಾಕುವುದಕ್ಕೆ ಇಳಿದೆವು. ಸನ್ಮಾನವೂ ಟೋಪಿ ಹಾಕಿದಂತೆಯೇ ಆಯ್ತು.

"ಪೇಟ ಗಂಡಸರದ್ದು, ಉದ್ದ ಕೂದಲಿಗೆ ಆಗಿಬರಲ್ಲ" ಅನ್ನುವವರಿಗೆ ನಮ್ಮ ಉತ್ತರ ಇಷ್ಟು. ಕ್ರಾಪು ಬರುವ ಮುಂಚೆ ಹಳೇ ಮೈಸೂರಿನ ಎಷ್ಟೋ ಗಂಡಸರಿಗೆ ಜುಟ್ಟಿತ್ತು. ಅದನ್ನು ಗಂಟು ಹಾಕಿ, ಅದರ ಮೇಲೇ ರುಮಾಲು ಸುತ್ತುತ್ತಿದ್ದರು. ಬೀದರ್‌ನ ನಾನಕ್ ಝೀರಾ ಗುರುದ್ವಾರದಲ್ಲಿ ಸಿಖ್ಖರನ್ನು ನೋಡಿ. ಹುಟ್ಟಿದಾಗಿನಿಂದ ಕತ್ತರಿಸದ ಕೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿ, ಮೇಲೆ ಪೇಟ ಸುತ್ತಿರುತ್ತಾರೆ. ದಿನವಿಡೀ ಅಲ್ಲಾಡಲ್ಲ. ಅಷ್ಟು ದೂರ ಯಾಕೆ, ದಸರಾ ಮೆರವಣಿಗೆಯಲ್ಲಿ ಡೊಳ್ಳು ಬಾರಿಸುವ ಹೆಣ್ಣುಮಕ್ಕಳು ರುಮಾಲು ಕಟ್ಟಿ ಕುಣಿಯುವುದಿಲ್ಲವೇ? ಬಿಸಿಲಲ್ಲಿ ಕುಣಿದರೂ ಬೀಳದ್ದು, ಕುರ್ಚಿಯ ಮೇಲೆ ಕೂತವರ ತಲೆಯಿಂದ ಯಾಕೆ ಬೀಳುತ್ತೆ?

ಕಟ್ಟುವುದೇನು ಬ್ರಹ್ಮವಿದ್ಯೆಯಲ್ಲ. ಜಡೆ ಹೆಣೆದು, ತಲೆಯ ಹಿಂದೆ ಚಪ್ಪಟೆಯಾಗಿ ಸುತ್ತಿ ಪಿನ್ನು ಹಾಕಿ. ರೇಷ್ಮೆ ಬರೀ ಕೂದಲ ಮೇಲೆ ಜಾರುತ್ತೆ, ಅದಕ್ಕೆ ಮೊದಲು ಒಂದು ತೆಳು ಹತ್ತಿ ಬಟ್ಟೆ ಬಿಗಿಯಿರಿ. ಆಮೇಲೆ ರುಮಾಲನ್ನು ಉದ್ದಕ್ಕೆ ಮಡಿಸಿಕೊಂಡು, ಮೊದಲ ಸುತ್ತನ್ನು ಹಣೆಯಿಂದ ತುರುಬಿನ ಕೆಳಗೆ ಒಯ್ಯಿರಿ. ಹಿಡಿತವೆಲ್ಲ ಆ ಸುತ್ತಿನಲ್ಲೇ ಇದೆ. ಮುಂದಿನ ಸುತ್ತುಗಳು ಒಂದರ ಮೇಲೊಂದು ಏರಿ ತುರುಬನ್ನು ಮುಚ್ಚಲಿ, ತುದಿಯನ್ನು ಒಳಗೆ ಸಿಕ್ಕಿಸಿ. ರಟ್ಟಿನ ಪೇಟಕ್ಕೆ ತುರುಬು ಅಡ್ಡಿ, ಕಟ್ಟಿದ ಪೇಟಕ್ಕೆ ಅದೇ ಗೂಟ.

"ಅಷ್ಟೊಂದು ಟೈಮ್ ಎಲ್ಲಿದೆ ಸಾರ್?" ಅನ್ನುತ್ತಾರೆ. ಸ್ವಾಗತ ಭಾಷಣಕ್ಕೆ ಅರ್ಧ ಗಂಟೆ ಇದೆ, ಗಣ್ಯರಿಗಾಗಿ ಕಾಯಲು ಒಂದು ಗಂಟೆ ಇದೆ. ಸನ್ಮಾನ ಪಡೆಯುವ ಆಶಾ ಕಾರ್ಯಕರ್ತೆಗೆ, ಪೌರಕಾರ್ಮಿಕ ಮಹಿಳೆಗೆ ಐದು ನಿಮಿಷ ಇಲ್ಲವೇ? ಅದೂ ವೇದಿಕೆಯ ಮೇಲೆ ಬೇಡ. ಮೊದಲೇ ಒಳಗೆ ಕೂರಿಸಿ, ಪೇಟ ಬೇಕೇ ಅಂತ ಅವರನ್ನೇ ಕೇಳಿ, ಬೇಕೆಂದರೆ ಕಟ್ಟಿಸಿ. ಕಟ್ಟುವವರಿಗೆ ನಾಲ್ಕು ಕಾಸು ಸಿಗುತ್ತೆ. ಬಿಚ್ಚಿದ ಬಟ್ಟೆ ಮನೆಯಲ್ಲಿ ಇನ್ನೊಂದಕ್ಕೆ ಆಗುತ್ತೆ. ರಟ್ಟಿನ ಪೇಟ ಬೀರುವಿನ ಮೇಲೆ ಧೂಳು ತಿನ್ನುತ್ತೆ.

ಇದು ಮೈಸೂರಿನ ಮಾತು ಮಾತ್ರ ಅಲ್ಲ. ಇಲ್ಲಿನ ವೇದಿಕೆಯಲ್ಲಿ ನಡೆದದ್ದು ನಾಳೆ ನಿಮ್ಮೂರ ಶಾಲೆಯಲ್ಲೂ ನಡೆಯುತ್ತೆ. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಗೌರವ ಪಡೆಯುವ ತಲೆಗಳು ಬದಲಾಗಿವೆ, ಗೌರವದ ಅಳತೆ ಮಾತ್ರ ಬದಲಾಗಿಲ್ಲ.

ಇಷ್ಟೂ ಆಗಲ್ಲ ಅನ್ನುವವರಿಗೆ ದಾರಿ ಇದೆ. ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂತ ಸರ್ಕಾರವೇ 2021ರಲ್ಲಿ ಹೇಳಿತ್ತು. ಹಾಗೇ ಮಾಡಿ, ಗಂಡಸರಿಗೂ ಹೆಂಗಸರಿಗೂ ಒಂದೇ ಥರ. ಪೇಟವೇ ಆಗಬೇಕು ಅಂದರೆ ಆ ತಲೆಗೆ ತಕ್ಕಂತೆ ಕಟ್ಟಿ. ಕರೆದು ಗೌರವಿಸುವವರು ಅಳತೆ ನೋಡಬೇಕಾದ್ದು ಅಂಗಡಿಯ ಪೇಟದ್ದಲ್ಲ, ಎದುರಿಗಿರುವ ಮನುಷ್ಯರದ್ದು.